ಹೆದರಿಕೆಯ ರುಚಿ

ಮನುಷ್ಯನ ರುಚಿಗಳಲ್ಲಿ ನಾಲ್ಕು ಜನರೆದುರು ಹೇಳಿಕೊಳ್ಳುವಂಥವು ಕೆಲವು, ಹೇಳಿಕೊಳ್ಳಲು ಸಂಕೋಚಪಡುವಂಥವು ಕೆಲವು. ಮಲ್ಲಿಗೆಯನ್ನು ಮೆಚ್ಚುವವನಿಗೆ ಯಾರೂ ಕಾರಣ ಕೇಳುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರ ಹಾಡಿಕೆಯೆಂದರೆ ಪ್ರಾಣ ಎನ್ನುವವನನ್ನು ರಸಿಕನೆಂದು ಗೌರವಿಸುತ್ತಾರೆ. ಆದರೆ ಸ್ಮಶಾನ, ಪಾಳುಮನೆ, ನಡುರಾತ್ರಿಯ ಗೆಜ್ಜೆಯ ಸಪ್ಪಳ ಇವೆಂದರೆ ನನಗೆ ಪ್ರೀತಿ ಎಂದು ಒಬ್ಬನು ಹೇಳಲಿ. ಕೇಳಿದವರು ಮೊದಲು ಅವನ ಮುಖ ನೋಡುತ್ತಾರೆ, ಆಮೇಲೆ ಮರುಕದಿಂದ ಅವನ ಹೆಂಡತಿಯ ಮುಖ ನೋಡುತ್ತಾರೆ. ನಾನು ಹಗಲೆಲ್ಲ ಹುಡುಗರಿಗೆ ಛಂದಸ್ಸು, ವ್ಯಾಕರಣ ಹೇಳುವವನು. ದೀಪಾವಳಿಯ ವಿಶೇಷಾಂಕಗಳಿಗೆಂದು ವರ್ಷಕ್ಕೊಂದೋ ಎರಡೋ ದೆವ್ವದ ಕತೆ ಬರೆಯುವ ಅಭ್ಯಾಸವೂ ನನಗುಂಟು. ಹೀಗಾಗಿ ಭೇಟಿಯಾದವರೆಲ್ಲ ಕೇಳುವ ಪ್ರಶ್ನೆ ಒಂದೇ: ಇಂಥವನ್ನು ಬರೆಯುವ ನೀವು ಏನು ಓದುತ್ತೀರಿ, ಏನು ಕೇಳುತ್ತೀರಿ, ಎಂಥ ಸಿನಿಮಾ ನೋಡುತ್ತೀರಿ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಹೇಳುವುದಕ್ಕಿಂತ ಒಮ್ಮೆ ಬರೆದುಬಿಡುವುದು ಲೇಸೆಂದು ಈ ಲೇಖನಕ್ಕೆ ಕೈಹಾಕಿದ್ದೇನೆ.

ನನ್ನ ಪರವಾಗಿ ಮೊದಲ ಸಾಕ್ಷಿ ಭರತಮುನಿ. ಅವನ ನಾಟ್ಯಶಾಸ್ತ್ರದಲ್ಲಿ ರಸಗಳು ಎಂಟು. ಶೃಂಗಾರ ಕುಳಿತ ಪಂಕ್ತಿಯಲ್ಲಿಯೇ ಭಯಾನಕಕ್ಕೂ ಎಲೆ ಹಾಕಿದ್ದಾನೆ. ಅದರ ಬಣ್ಣ ಕಪ್ಪು, ಅಧಿದೇವತೆ ಕಾಲ. ವಿಕಾರವಾದ ಕೂಗು, ನರಿ ಗೂಗೆಗಳ ಹೆದರಿಕೆ, ಶೂನ್ಯವಾದ ಮನೆ, ಒಂಟಿಯಾಗಿ ಅಡವಿ ಹೊಗುವುದು, ಇವು ಅದನ್ನು ಹುಟ್ಟಿಸುವ ಸಾಮಗ್ರಿ ಎಂದು ಪಟ್ಟಿಯನ್ನೂ ಕೊಟ್ಟಿದ್ದಾನೆ. ಇಂದಿನ ಸಿನಿಮಾದವರೂ ಇದೇ ಸರಕಿನಿಂದಲೇ ಅಂಗಡಿ ನಡೆಸುತ್ತಿದ್ದಾರೆ ಎಂಬುದನ್ನು ನೋಡಿದರೆ ಮುನಿಯ ಅನುಭವದ ಬಗೆಗೆ ಗೌರವ ಹೆಚ್ಚುತ್ತದೆ.

ನನ್ನ ಊರು ಇಂಡಿ ತಾಲೂಕಿನ ಸಾಲೋಟಗಿ. ಭರತನ ಪಟ್ಟಿಯಲ್ಲಿರುವ ಅಡವಿ ನಮ್ಮಲ್ಲಿಲ್ಲ. ಕರಿಯ ಎರೆಭೂಮಿ, ಕಣ್ಣು ಹರಿಯುವಷ್ಟು ದೂರ ಬಿಳಿಜೋಳ. ಮಲೆನಾಡಿನ ದೆವ್ವಕ್ಕೆ ಮರದ ಮರೆಯಿದೆ. ನಮ್ಮ ಕಡೆಯ ದೆವ್ವಕ್ಕೆ ಆ ಅನುಕೂಲವಿಲ್ಲ, ಬಟ್ಟಬಯಲಿನಲ್ಲಿಯೇ ನಡೆದು ಬರಬೇಕು. ಅಮಾವಾಸ್ಯೆಯ ರಾತ್ರಿ ದೂರದ ಹೊಲದಲ್ಲಿ ಒಂದು ಬೆಳಕು ಅಲುಗಿದರೆ ಸಾಕು, ಕೊಳ್ಳಿದೆವ್ವವೆಂದು ನಾವು ಹುಡುಗರು ಮುಖದ ಮೇಲೆ ಕೌದಿ ಎಳೆದುಕೊಳ್ಳುತ್ತಿದ್ದೆವು. ಅದು ನೀರು ಹಾಯಿಸಲು ಹೋದ ಯಾರದೋ ಕಂದೀಲು ಎಂದು ಹಿರಿಯರು ಹೇಳುತ್ತಿದ್ದರು. ನಾವು ಎರಡನ್ನೂ ನಂಬುತ್ತಿದ್ದೆವು. ಕತೆಯ ಸುಖಕ್ಕೆ ಬೇಕಾದದ್ದು ಇಂಥ ಎರಡು ನಂಬಿಕೆ ಎಂದು ಈಗಲೂ ನನ್ನ ಎಣಿಕೆ.

ಇನ್ನು ಪುಸ್ತಕಗಳು. ಹೆದರಿಕೆಯ ಕತೆ ಇಂಗ್ಲಿಷಿನಿಂದ ಬಂದ ಸರಕೆಂದು ತಿಳಿದವರಿಗೆ ನಾನು ನಮ್ಮ ಹಳಗನ್ನಡದ ಕಪಾಟನ್ನು ತೋರಿಸುತ್ತೇನೆ. ವಡ್ಡಾರಾಧನೆಯ ಮೊದಲ ಕತೆಯನ್ನೇ ನೋಡಿ. ತಪಸ್ಸಿಗೆ ನಿಂತ ಸುಕುಮಾರಸ್ವಾಮಿಯ ಮೈಯನ್ನು ನರಿಯೊಂದು ತನ್ನ ಮರಿಗಳೊಡನೆ ಮೂರು ರಾತ್ರಿ ತಿನ್ನುತ್ತದೆ. ಇಷ್ಟೇ ಆಗಿದ್ದರೆ ಅದು ಬರಿಯ ಅಸಹ್ಯ. ಆದರೆ ಆ ನರಿ ಹಿಂದಿನೊಂದು ಜನ್ಮದಲ್ಲಿ ಅವನ ಅತ್ತಿಗೆ. ಅವನು ಕಾಲಿನಿಂದ ಒದ್ದ ಹೆಂಗಸು. ಅವಮಾನವೊಂದು ಸಾವನ್ನೂ ದಾಟಿ, ಜನ್ಮಗಳನ್ನೂ ದಾಟಿ, ಆ ಕಾಲನ್ನೇ ಹುಡುಕಿಕೊಂಡು ಬಂದಿದೆ. ಜನ್ನನ ಯಶೋಧರ ಚರಿತೆ 1209ರದು. ಅದರಲ್ಲಿ ಬರುವ ಚಂಡಮಾರಿಯ ಗುಡಿಯನ್ನು ಮೀರಿಸುವ ಭಯದ ಮನೆಯನ್ನು ನಾನು ಯಾವ ಭಾಷೆಯಲ್ಲಿಯೂ ಕಂಡಿಲ್ಲ. ಅಲ್ಲಿಗೆ ಬಲಿಗೆಂದು ಹಿಡಿದು ತಂದ ಎರಡು ಮಕ್ಕಳ ಹೆಸರು ಅಭಯರುಚಿ, ಅಭಯಮತಿ. ಆ ಗುಡಿಯಲ್ಲಿ ಹೆದರದಿರುವವರು ಇವರಿಬ್ಬರೇ. ಕೊನೆಗೆ ನಡುಗುವವನು ಕತ್ತಿ ಹಿಡಿದ ಅರಸ.

ರನ್ನನು ಮುಧೋಳದವನು, ನಮ್ಮ ಸೀಮೆಯವನೇ. ಅವನ ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಹೆಣಗಳ ನಡುವೆ ಹೆಜ್ಜೆಯಿಡುತ್ತ ಹೋಗುವಾಗ ಮರುಳೊಂದು ಅವನನ್ನು ಕೆಣಕುತ್ತದೆ. ಮರುಳೆಂದರೆ ಪಿಶಾಚಿಯೂ ಹೌದು, ಹುಚ್ಚೂ ಹೌದು. ನಮ್ಮಿಬ್ಬರಲ್ಲಿ ನಿಜವಾದ ಮರುಳು ಯಾರು ಎಂಬ ಅದರ ಪ್ರಶ್ನೆಗೆ ಕುರುಪತಿಯ ಬಳಿ ಉತ್ತರವಿಲ್ಲ. ಮುಂದೆ ನಾಲ್ಕು ಹೆಜ್ಜೆ ಹೋದರೆ ದ್ರೋಣನ ಹೆಣ, ಮಗನ ಹೆಣ, ತಮ್ಮನ ಹೆಣ, ಕರ್ಣನ ಹೆಣ. ಆಗ ನಮ್ಮ ಹೆದರಿಕೆ ಎಲ್ಲಿ ಹೋಯಿತೆಂದು ನಮಗೇ ತಿಳಿಯುವುದಿಲ್ಲ; ಗಂಟಲು ಮಾತ್ರ ಬಿಗಿದಿರುತ್ತದೆ. ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿಯೂ ಹೀಗೆಯೇ. ಹಾವು ಕಚ್ಚಿ ಸತ್ತ ಮಗನನ್ನು ಹುಡುಕುತ್ತ ಚಂದ್ರಮತಿ ನಡುರಾತ್ರಿಯಲ್ಲಿ ಒಬ್ಬಳೇ ಅಡವಿ ಹೊಗುತ್ತಾಳೆ. ಓದುವ ನಾವು ಕತ್ತಲೆಗೆ ಹೆದರುತ್ತೇವೆ, ಅವಳು ಹೆದರುವುದಿಲ್ಲ. ಹೆದರಲು ಅವಳಲ್ಲಿ ಇನ್ನೇನು ಉಳಿದಿದೆ? ಸುಡುಗಾಡಿನಲ್ಲಿ ಅಡ್ಡಬಂದು ಸುಂಕ ಕೇಳುವ ಕಾವಲುಗಾರ ಅವಳ ಗಂಡನೇ. ಈ ಪುಟಗಳನ್ನು ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗರೂ ಕೈಯಲ್ಲಿಯ ಫೋನು ಮರೆಯುತ್ತಾರೆ.

ಹಾಡಿನ ವಿಷಯ ಬಂದರೆ ನನ್ನ ಪಟ್ಟಿ ಚಿಕ್ಕದು. 1949ರ 'ಮಹಲ್' ಎಂಬ ಹಿಂದೀ ಚಿತ್ರದಲ್ಲಿ ಖೇಮಚಂದ ಪ್ರಕಾಶರು ಸಂಯೋಜಿಸಿ ಲತಾ ಮಂಗೇಶಕರರು ಹಾಡಿದ ಹಾಡು ಮೊದಲನೆಯದು. ದೂರದಿಂದ ಬರುತ್ತಿರುವಂತೆ ಕೇಳಲೆಂದು, ಮೈಕಿಗೆ ದೂರ ನಿಂತು ಆರಂಭಿಸಿ, ಹಾಡುತ್ತ ಹಾಡುತ್ತ ನಡೆದು ಹತ್ತಿರ ಬಂದೆನೆಂದು ಲತಾ ಅವರೇ ಮುಂದೆ ಹೇಳಿದ್ದಾರೆ. ಮೊದಲ ತಟ್ಟೆಗಳ ಮೇಲೆ ಗಾಯಕಿಯ ಹೆಸರಿರಲಿಲ್ಲ. ಚಿತ್ರದ ನಾಯಿಕೆಯ ಹೆಸರು 'ಕಾಮಿನಿ' ಎಂದಿತ್ತು. ಹೆಸರಿಲ್ಲದ ದನಿಯೊಂದು ಮನೆಮನೆಯ ಕತ್ತಲೆಯನ್ನು ಹೊಕ್ಕಿತು. ಖೇಮಚಂದರು ಮರುವರ್ಷ, 1950ರಲ್ಲಿ, ತೀರಿಕೊಂಡರು. ಬರಬೇಕಾದವನು ಬಂದೇ ಬರುವನೆಂಬ ಆ ಹಾಡು ಹೆದರಿಸುವ ಹಾಡೆಂದು ಪ್ರಸಿದ್ಧ. ನಾನು ಎಷ್ಟು ಸಲ ಕೇಳಿದರೂ ಅದರಲ್ಲಿ ಕೇಳುವುದು ಕಾಯುವವರ ದನಿ.

ಎರಡನೆಯದು ಯಾವ ತಟ್ಟೆಯೂ ಅಲ್ಲ, ನಮ್ಮ ಕಡೆಯ ಮೊಹರಮ್ಮಿನ ರಿವಾಯತ್ ಪದ. ಕರ್ಬಲೆಯ ಕಾಳಗ ನಡೆದದ್ದು 680ರಲ್ಲಿ, ಅರಬರ ನಾಡಿನಲ್ಲಿ. ಅದಕ್ಕಾಗಿ ಅಳುವ ಹಾಡು ಇರುವುದು ನಮ್ಮ ಹಳ್ಳಿಯ ಕನ್ನಡದಲ್ಲಿ. ಹಾಡುವವರಲ್ಲಿ ಮುಸಲ್ಮಾನರೂ ಉಂಟು, ಲಿಂಗಾಯತರೂ ಉಂಟು, ಕುರುಬರೂ ಉಂಟು. ಮಸೂತಿಯ ಮುಂದೆ ಅಲಾವಿಯ ಬೆಂಕಿ, ಸುತ್ತ ಹೆಜ್ಜೆ ಹಾಕುವ ಕಾಲು, ನಡುವೆ ಹಸನ ಹುಸೇನರ ಹೆಸರು. ಮೊಹರಮ್ಮಿನ ಆ ರಾತ್ರಿಗೆ ಖತಲ್ ರಾತ್ರಿ ಎಂಬ ಹೆಸರು. ಖತಲ್ ಎಂದರೆ ಕೊಲೆ. ನಮ್ಮ ಜನ ಅದನ್ನು ಕತ್ತಲ ರಾತ್ರಿ ಎಂದುಬಿಟ್ಟಿದ್ದಾರೆ. ಭಾಷಾಶಾಸ್ತ್ರಜ್ಞರು ಇದನ್ನು ಅಪಭ್ರಂಶವೆನ್ನಲಿ. ಇದಕ್ಕಿಂತ ಒಳ್ಳೆಯ ಅನುವಾದ ನನಗೆ ತಿಳಿಯದು.

ಸಿನಿಮಾಗಳಲ್ಲಿ ನಾನು ಕಟ್ಟುನಿಟ್ಟಿನವನು. ಬಾಗಿಲು ಕಿರ್ರೆನ್ನುವ ಮೊದಲೇ ಹತ್ತು ಪಿಟೀಲು ಕಿರುಚುವ ಚಿತ್ರಗಳನ್ನು ಅರ್ಧಕ್ಕೇ ಬಿಟ್ಟು ಏಳುತ್ತೇನೆ. 1979ರ 'ನಾ ನಿನ್ನ ಬಿಡಲಾರೆ'ಯನ್ನು ಮಾತ್ರ ಯಾವಾಗ ಹಾಕಿದರೂ ನೋಡುತ್ತೇನೆ, ಅನಂತನಾಗ್ ಲಕ್ಷ್ಮಿಯರ ಸಲುವಾಗಿ. 2004ರ 'ಆಪ್ತಮಿತ್ರ' ಬೇರೆಯೇ ಮಾತು. ಅದರಲ್ಲಿ ನಾಗವಲ್ಲಿಯಾಗಿ ಕುಣಿದ ಸೌಂದರ್ಯ ಅವರು ಆ ವರ್ಷದ ಏಪ್ರಿಲಿನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ಚಿತ್ರ ಬಿಡುಗಡೆಯಾದದ್ದು ಆಗಸ್ಟಿನಲ್ಲಿ. ಥೇಟರಿನ ಕತ್ತಲೆಯಲ್ಲಿ ನಾವು ನೋಡುತ್ತಿದ್ದುದು ಸತ್ತವಳೊಬ್ಬಳು ಮೈಮೇಲೆ ಬಂದಂತೆ ನಟಿಸುವ ಹೆಣ್ಣನ್ನು. ನಟಿಸಿದವರೇ ಇಲ್ಲವೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಅವರು ನಗುವ ದೃಶ್ಯಗಳಲ್ಲಿ ನನ್ನ ಪಕ್ಕದ ಅಜ್ಜಿಯೊಬ್ಬಳು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದಳು. ನಾಗವಲ್ಲಿ ಬಂದಾಗ ಅವಳು ಹೆದರಲೇ ಇಲ್ಲ.

ಇಂಗ್ಲಿಷಿನಲ್ಲಿ ನನಗೆ ಹತ್ತಿರದವನು ಎಂ. ಆರ್. ಜೇಮ್ಸ್. ಹಳೆಯ ಹಸ್ತಪ್ರತಿಗಳ ಪಂಡಿತ, ಕೇಂಬ್ರಿಜಿನ ಅಧ್ಯಾಪಕ. ಕ್ರಿಸ್ಮಸ್ಸಿನ ರಾತ್ರಿ ಗೆಳೆಯರಿಗೆ, ಶಿಷ್ಯರಿಗೆ ತಾನು ಬರೆದ ದೆವ್ವದ ಕತೆ ಓದಿ ಹೇಳುತ್ತಿದ್ದನಂತೆ. ಮೇಷ್ಟರಿಗೂ ದೆವ್ವಕ್ಕೂ ನಂಟು ಹೊಸದಲ್ಲವೆಂಬ ಧೈರ್ಯ ಅವನಿಂದ ನನಗೆ ಬಂತು. ಆದರೆ ಮತ್ತೆ ಮತ್ತೆ ಓದುವ ಕತೆ ಜೇಕಬ್ಸ್ ಎಂಬವನದು, 1902ರಲ್ಲಿ ಅಚ್ಚಾದ 'ಕೋತಿಯ ಪಂಜ'. ಮೂರು ವರ ಕೊಡುವ ಒಣಗಿದ ಪಂಜವೊಂದು ಮನೆಗೆ ಬರುತ್ತದೆ. ತಂದೆ ಹಣ ಬೇಡುತ್ತಾನೆ. ಮಗ ಯಂತ್ರಕ್ಕೆ ಸಿಕ್ಕು ಸತ್ತು, ಅಷ್ಟೇ ಹಣ ಪರಿಹಾರವಾಗಿ ಬರುತ್ತದೆ. ತಾಯಿ ಹಟ ಹಿಡಿದು ಮಗನು ಮರಳಿ ಬರಲೆಂದು ಬೇಡಿಸುತ್ತಾಳೆ. ರಾತ್ರಿ ಬಾಗಿಲು ಬಡಿದ ಸದ್ದು. ತಾಯಿ ಅಗಳಿ ತೆಗೆಯಲು ಓಡುತ್ತಾಳೆ. ಹೂಳಿದ ದೇಹ ಯಾವ ರೂಪದಲ್ಲಿ ಬಂದಿದೆಯೋ ಎಂದು ನಡುಗಿದ ತಂದೆ ಮೂರನೆಯ ವರವನ್ನು ಬೇಡಿಬಿಡುತ್ತಾನೆ. ಬಾಗಿಲು ತೆರೆದಾಗ ಹೊರಗೆ ಬರಿಯ ಬೀದಿ.

ಈ ಕತೆಯನ್ನು ಓದಿದವರೆಲ್ಲ ತಂದೆಯೊಡನೆ ನಡುಗುತ್ತಾರೆ. ನನಗೆ ಅದು ಸಾಧ್ಯವಾಗಿಲ್ಲ. 1987ರ ಮಳೆಗಾಲದಲ್ಲಿ ನನ್ನ ಅಣ್ಣ ಜ್ವರದಿಂದ ತೀರಿಕೊಂಡ. ಅವನಿಗೆ ಹದಿನಾಲ್ಕು, ನನಗೆ ಒಂಬತ್ತು. ಅಂದಿನಿಂದ ನಮ್ಮ ಅವ್ವ ಹಿತ್ತಲ ಬಾಗಿಲಿಗೆ ಅಗಳಿ ಹಾಕುವುದನ್ನು ಬಿಟ್ಟಳು. ಗಾಳಿಗೆ ಆ ಬಾಗಿಲು ಆಡುವ ಸದ್ದಿಗೆ ನಾನು ಎಚ್ಚರಾಗಿ, ಮೈಯೆಲ್ಲ ಕಿವಿಯಾಗಿ ಮಲಗಿರುತ್ತಿದ್ದೆ. ಒಮ್ಮೆ ತಡೆಯಲಾರದೆ ಕೇಳಿದೆ: "ಅಗಳಿ ಯಾಕ ಹಾಕೂದಿಲ್ಲ ಅವ್ವಾ?" ಅವ್ವ ಅಂದಳು: "ಇರಲಿ ಬಿಡೋ ತಮ್ಮಾ. ರಾತ್ರ್ಯಾಗ ಬಂದಾಂವ ಹೊರಗ ನಿಂದರಬಾರದು." ಅವಳು ಮತ್ತೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಒಂದೇ ಬಾಗಿಲು, ಈ ಕಡೆಯ ಹಾಸಿಗೆಯಲ್ಲಿ ಅದು ನನಗೆ ಹೆದರಿಕೆ, ಆ ಕಡೆಯ ಹಾಸಿಗೆಯಲ್ಲಿ ಅವ್ವನಿಗೆ ಆಸೆ. ನಾನು ಬರೆದ ದೆವ್ವದ ಕತೆಗಳೆಲ್ಲ ಆ ಎರಡು ಹಾಸಿಗೆಗಳ ನಡುವಿನ ಮೊಳದಷ್ಟು ಕತ್ತಲೆಯಲ್ಲಿ ಹುಟ್ಟಿದಂಥವು. ದೆವ್ವವೆಂದರೆ ಯಾರಿಗೋ ಬೇಕಾಗಿದ್ದ ಮನುಷ್ಯ; ಈ ಮಾತನ್ನು ಮರೆತ ಕತೆ ಎಷ್ಟು ಕಿರುಚಿದರೂ ನನ್ನ ರೋಮ ಏಳುವುದಿಲ್ಲ.

ಸಾಲೋಟಗಿಯ ಕಂಬದ ಶಾಸನದ ಹೆಸರನ್ನು ಇತಿಹಾಸ ಓದಿದವರು ಕೇಳಿರಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದನು, 945ರ ಶಾಸನವದು. ದೇಶದೇಶಗಳಿಂದ ಬಂದ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳಿದ್ದವು. ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಟ್ಟುಕೊಟ್ಟಿದ್ದರು. ಓದಿಗೆ ದೀಪ ಬೇಕು, ನಿಜ. ಆದರೆ ತಾಯಿಯನ್ನು ಬಿಟ್ಟು ಬಂದ ಹುಡುಗರು, ಗುರುತಿಲ್ಲದ ಬಯಲು, ದೂರದಲ್ಲಿ ನರಿಯ ಕೂಗು, ಇದನ್ನೆಲ್ಲ ಆ ದಾನದ ಹಿಂದೆ ಯಾರೋ ನೆನೆದಿರಬೇಕೆಂದು ನನಗೆ ತೋರುತ್ತದೆ. ದೀಪವನ್ನು ಉರಿಯಗೊಡುವುದೂ ಅಗಳಿಯನ್ನು ಹಾಕದಿರುವುದೂ ಒಂದೇ ಜಾತಿಯ ಕೆಲಸ.

ತರಗತಿ ಮುಗಿದ ಮೇಲೆ ಹುಡುಗರು ಕೆಲವೊಮ್ಮೆ ಸುತ್ತುಗಟ್ಟಿ ಕೇಳುತ್ತಾರೆ, ಖರೇ ಹೇಳ್ರಿ ಸರ್, ದೆವ್ವ ಇರತಾವೇನ್ರಿ ಎಂದು. ಇಲ್ಲವೆಂದೇ ಹೇಳುತ್ತೇನೆ. ನನ್ನ ನಂಬಿಕೆಯೂ ಅದೇ. ಆ ನಂಬಿಕೆಯಿಂದ ಹುಡುಗರಿಗೆ ಸಮಾಧಾನವಾಗುತ್ತದೆ. ನನಗೆ ಅಷ್ಟು ಸಮಾಧಾನವಾಗುವುದಿಲ್ಲ.