ನಾಲ್ಕನೇ ಷರತ್ತು

ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಯುರೋಪಿನ ಮತ ಸುಧಾರಣೆ ಅಂತ ಒಂದು ಪಾಠ ಬರುತ್ತಿತ್ತು, ನಿಮಗೂ ನೆನಪಿರಬಹುದು. ಚರ್ಚು ದುಡ್ಡು ತಗೊಂಡು ಪಾಪವಿಮೋಚನಾ ಪತ್ರ ಮಾರುತ್ತಿತ್ತು, ಮಾರ್ಟಿನ್ ಲೂಥರ್ ಅದನ್ನು ವಿರೋಧಿಸಿದ. ಎರಡು ಮಾರ್ಕಿನ ಪ್ರಶ್ನೆ. ಮೇಷ್ಟ್ರು ಆ ಪಾಠ ಮಾಡಿದ ದಿನ ಇಡೀ ಕ್ಲಾಸು ತಿರುಗಿ ನನ್ನ ಮುಖ ನೋಡಿತ್ತು, ಯಾಕಂದರೆ ಕ್ಲಾಸಿಗೆಲ್ಲ ಕಥೋಲಿಕ ಕ್ರೈಸ್ತ ನಾನೊಬ್ಬನೇ. ‘ನಿಮ್ಮನೇಲೂ ಅದೆಯೇನ್ಲಾ ಆ ಪತ್ರ? ಎಷ್ಟು ಕೊಟ್ರಿ?’ ಅಂತ ಬೆಲ್ಲು ಹೊಡೆದ ಮೇಲೆ ಕೇಳಿದವರೂ ಇದ್ದರು.

ಪಾಠ ಸುಳ್ಳೇನಲ್ಲ. ರೋಮಿನಲ್ಲಿ ಸಂತ ಪೇತ್ರರ ಮಹಾದೇವಾಲಯ ಕಟ್ಟುವುದಕ್ಕೆ ಹಣ ಬೇಕಿತ್ತು. ಜರ್ಮನಿಯಲ್ಲಿ ಯೋಹಾನ್ ಟೆಟ್ಜೆಲ್ ಎಂಬ ಸನ್ಯಾಸಿ ಊರೂರು ತಿರುಗಿ ಇಂಡಲ್ಜೆನ್ಸ್ ಹೆಸರಲ್ಲಿ ಹಣ ಎತ್ತಿದ. ಅದರಲ್ಲಿ ಒಂದು ಪಾಲು ಅಲ್ಲಿನ ಆರ್ಚ್‌ಬಿಷಪ್ಪರ ಸಾಲ ತೀರಿಸೋದಕ್ಕೂ ಹೋಯಿತು. 1517ರಲ್ಲಿ ಲೂಥರ್ ಸಿಡಿದೆದ್ದದ್ದು ಇದಕ್ಕೇ. ಆದರೆ ನಮ್ಮ ಪಾಠ ಅಲ್ಲಿಗೇ ಮುಗಿದುಹೋಗುತ್ತಿತ್ತು. ಹಣದ ನಂಟಿರುವ ಇಂಡಲ್ಜೆನ್ಸುಗಳನ್ನೆಲ್ಲ ಐದನೇ ಪಯಸ್ ಪೋಪರು 1567ರಲ್ಲಿ ರದ್ದು ಮಾಡಿದ್ದಾಗಲಿ, ದುಡ್ಡಿನ ಮಾತಿಲ್ಲದ ಇಂಡಲ್ಜೆನ್ಸ್ ಇವತ್ತಿಗೂ ಚಾಲ್ತಿಯಲ್ಲಿದೆ ಅನ್ನೋದಾಗಲಿ ಅದರಲ್ಲಿ ಇರಲಿಲ್ಲ.

ನನಗೂ ಅದರ ಪೂರ್ತಿ ಲೆಕ್ಕಾಚಾರ ಗೊತ್ತಾದದ್ದು 2025ರಲ್ಲೇ, ಅದೂ ಅವ್ವನಿಂದ.

2025 ಕಥೋಲಿಕರಿಗೆ ಪವಿತ್ರ ವರ್ಷ. ಜುಬಿಲಿ ಅಂತಲೂ ಅನ್ನುತ್ತಾರೆ. 1300ರಲ್ಲಿ ಎಂಟನೇ ಬೋನಿಫಾಸ್ ಪೋಪರು ಇದನ್ನು ಶುರು ಮಾಡಿದಾಗ ನೂರು ವರ್ಷಕ್ಕೊಮ್ಮೆ ಅಂತಿತ್ತು. ಆಮೇಲೆ ಐವತ್ತಾಯಿತು, ಕೊನೆಗೆ ಇಪ್ಪತ್ತೈದಕ್ಕೆ ಬಂದು ನಿಂತಿತು. ಮೊದಲ ಸಲ ರೋಮಿನವರಾದರೆ ಮೂವತ್ತು ದಿನ, ಹೊರಗಿನಿಂದ ಬಂದವರಾದರೆ ಹದಿನೈದು ದಿನ ಸಂತ ಪೇತ್ರ ಮತ್ತು ಸಂತ ಪೌಲರ ದೇವಾಲಯಗಳಿಗೆ ಹೋಗಬೇಕಿತ್ತು. ನಡೆದು ಬಂದ ಸುಸ್ತಿಗೆ ರಿಯಾಯಿತಿ ಅಂತ ಕಾಣುತ್ತೆ! ಈ ಸಲ 2024ರ ಡಿಸೆಂಬರ್ 24ರ ರಾತ್ರಿ ಪೋಪ್ ಫ್ರಾನ್ಸಿಸ್ ಗಾಲಿಕುರ್ಚಿಯಲ್ಲೇ ಬಂದು ಸಂತ ಪೇತ್ರರ ಮಹಾದೇವಾಲಯದ ಪವಿತ್ರ ದ್ವಾರ ತೆರೆದರು. ಅದನ್ನು ಮುಚ್ಚುವ ದಿನಕ್ಕೆ ಅವರೇ ಇರಲಿಲ್ಲ. 2026ರ ಜನವರಿ 6ರಂದು ಮುಚ್ಚಿದವರು ಹೊಸ ಪೋಪ್ ಹದಿನಾಲ್ಕನೇ ಲಿಯೋ.

ಅವ್ವ ಫೋನು ಮಾಡಿದ್ದು ಹೋದ ವರ್ಷ ತಪಸ್ಸುಕಾಲದಲ್ಲಿ. ‘ಸತ್ತೋರ ಹೆಸರಲ್ಲೂ ಮಾಡ್ಬೋದಂತೆ ಕಣಪ್ಪಾ. ನಿಮ್ಮಪ್ಪನ ಹೆಸರಲ್ಲಿ ಮಾಡ್ಬೇಕು. ಏನೇನು ಮಾಡ್ಬೇಕೋ ನೆಟ್ಟಲ್ಲಿ ನೋಡಿ ಸರಿಯಾಗಿ ಹೇಳು.’

ಅಪ್ಪ ತೀರಿಕೊಂಡು ಆರು ವರ್ಷ. ಮನೆಯವರು ಏನಾದರೂ ‘ನೋಡಿ ಹೇಳು’ ಅಂದರೆ ನಾವು ಐಟಿಯವರು ಮೂಲ ಡಾಕ್ಯುಮೆಂಟಿಗೇ ಕೈ ಹಾಕುತ್ತೇವೆ, ಅಭ್ಯಾಸಬಲ. ವ್ಯಾಟಿಕನ್ನಿನಲ್ಲಿ ಇಂಥ ವಿಷಯ ನೋಡಿಕೊಳ್ಳೋದಕ್ಕೇ ಒಂದು ಕಚೇರಿ ಇದೆ. ಅದು 2024ರ ಮೇ 13ರಂದು ಹೊರಡಿಸಿದ ಆದೇಶವನ್ನು ರಾತ್ರಿ ಕೂತು ಓದಿದೆ.

ಮೊದಲು ಇಂಡಲ್ಜೆನ್ಸ್ ಅಂದರೆ ಏನು ಅನ್ನೋದನ್ನ ಬಿಡಿಸಿ ಹೇಳಬೇಕು. ಅದು ಪಾಪದ ಕ್ಷಮೆ ಅಲ್ಲ. ಕ್ಷಮೆ ಸಿಗೋದು ಗುರುಗಳ ಮುಂದೆ ಪಾಪನಿವೇದನೆ ಮಾಡಿದಾಗ. ಊರ ಕಡೆಯ ಉದಾಹರಣೆ ಕೊಡುತ್ತೇನೆ. ನಮ್ಮ ದನ ಪಕ್ಕದವರ ರಾಗಿ ಹೊಲಕ್ಕೆ ನುಗ್ಗಿ ಪೈರು ಮೇಯ್ದುಬಿಡ್ತು ಅನ್ಕೊಳ್ಳಿ. ಹೋಗಿ ಕೈ ಮುಗಿದೆವು, ಅವರೂ ‘ಹೋಗ್ಲಿ ಬುಡಿ’ ಅಂದರು. ಜಗಳ ಮುಗೀತು. ಆದರೆ ಮೇಯ್ದ ಪೈರು ವಾಪಸು ಬರಲಿಲ್ಲವಲ್ಲ? ಆ ನಷ್ಟ ಯಾರಾದರೂ ತುಂಬಿಕೊಡಬೇಕು. ಕ್ಷಮೆ ಸಿಕ್ಕ ಮೇಲೂ ಪಾಪದಿಂದ ಹೀಗೊಂದು ಬಾಕಿ ಉಳಿಯುತ್ತದೆ, ಅದನ್ನು ಇಲ್ಲಿ ತೀರಿಸದೆ ಹೋದವರು ಸತ್ತ ಮೇಲೆ ಉತ್ತರಿಸುವ ಸ್ಥಳದಲ್ಲಿ ತೀರಿಸಬೇಕು ಅನ್ನೋದು ಕಥೋಲಿಕರ ನಂಬಿಕೆ. ಇಂಡಲ್ಜೆನ್ಸ್ ಅಂದರೆ ಆ ಬಾಕಿಯ ಮಾಫಿ. ಯೇಸು ಮತ್ತು ಸಂತರು ಕೂಡಿಟ್ಟ ಪುಣ್ಯದ ಕಣಜದಿಂದ ಕೈಲಾಗದವರಿಗೆ ಅಳೆದುಕೊಟ್ಟ ಹಾಗೆ. ಇದನ್ನು ನಮಗಾಗಿ ಪಡೆಯಬಹುದು, ಇಲ್ಲವೇ ಸತ್ತವರಿಗಾಗಿ ಪಡೆಯಬಹುದು. ಬದುಕಿರುವ ಇನ್ನೊಬ್ಬರಿಗೆ ಕೊಡೋದಕ್ಕೆ ಬರಲ್ಲ. ಅವರವರದು ಅವರವರೇ ಮಾಡಿಕೊಳ್ಳಬೇಕು.

ಏನು ಮಾಡಬೇಕು ಅನ್ನೋದಕ್ಕೆ ಆದೇಶದಲ್ಲಿ ಉದ್ದದ ಪಟ್ಟಿಯೇ ಇದೆ. ರೋಮಿಗೆ ಹೋಗಬಹುದು. ರೋಮ್ ಆಗದವರು ತಮ್ಮ ಧರ್ಮಪ್ರಾಂತ್ಯದ ಪ್ರಧಾನಾಲಯಕ್ಕೆ ಯಾತ್ರೆ ಹೋಗಬಹುದು. ಹಾಸಿಗೆ ಹಿಡಿದವರು ಮನೆಯಲ್ಲೇ ಪರಲೋಕ ಮಂತ್ರ, ವಿಶ್ವಾಸ ಪ್ರಮಾಣ ಹೇಳಿ ತಮ್ಮ ಕಷ್ಟವನ್ನೇ ಅರ್ಪಿಸಬಹುದು. ಕಾಯಿಲೆಯವರನ್ನು, ಜೈಲಿನಲ್ಲಿರುವವರನ್ನು, ಒಂಟಿ ಮುದುಕರನ್ನು ನೋಡಿಕೊಂಡು ಬಂದರೆ ಅದೂ ಯಾತ್ರೆಯೇ. ವಾರದಲ್ಲಿ ಒಂದು ದಿನವಾದರೂ ಸೋಷಿಯಲ್ ಮೀಡಿಯಾದಂಥ ಹುರುಳಿಲ್ಲದ ಕಾಲಹರಣ ಬಿಡುವುದೂ ಪಟ್ಟಿಯಲ್ಲಿದೆ. ನನ್ನಂಥವರಿಗೆ ರೋಮಿಗೆ ನಡೆದು ಹೋಗೋದೇ ವಾಸಿ.

ಯಾವುದನ್ನೇ ಮಾಡಿ, ಅದರ ಜೊತೆಗೆ ನಾಲ್ಕು ಷರತ್ತು. ಒಂದು, ಪಾಪನಿವೇದನೆ. ಅದೇ ದಿನ ಆಗಬೇಕೆಂದಿಲ್ಲ, ಹಿಂದೆ ಮುಂದೆ ಕೆಲವು ದಿನವಾದರೂ ನಡೆಯುತ್ತದೆ. ಎರಡು, ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕಾರ. ಮೂರು, ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ. ಒಂದು ಪರಲೋಕ ಮಂತ್ರ, ಒಂದು ನಮೋ ಮರಿಯಾ ಆದರೂ ಸಾಕು. ನಾಲ್ಕನೆಯದು, ಯಾವ ಪಾಪದ ಮೇಲೂ, ಎಷ್ಟು ಸಣ್ಣದೇ ಆಗಲಿ, ಮನಸ್ಸಿನಲ್ಲಿ ಅಂಟು ಉಳಿದಿರಬಾರದು.

ನಾನು ಇದನ್ನು ಸುಮಾರು ಹೊತ್ತು ನೋಡುತ್ತ ಕೂತಿದ್ದೆ. ನಾಲ್ಕೂ ನಿಜವಾದರೆ ಮಾತ್ರ ಪೂರ್ಣ ಮಾಫಿ, ನಮ್ಮ ಭಾಷೆಯಲ್ಲಿ ಹೇಳೋದಾದರೆ ನಡುವೆ ಬರೀ ‘ಆಂಡ್’. ಮೊದಲ ಮೂರನ್ನು ಯಾರು ಬೇಕಾದರೂ ಟಿಕ್ ಹಾಕಿ ಪರಿಶೀಲಿಸಬಹುದು. ನಾಲ್ಕನೆಯದಕ್ಕೆ ಟೆಸ್ಟ್ ಕೇಸ್ ಬರೆಯೋದು ಹೇಗೆ? ಅದರ ಲಾಗ್ ಎಲ್ಲೂ ಬೀಳಲ್ಲ. ಗುರುಗಳಿಗೂ ಕಾಣಲ್ಲ, ಎಷ್ಟೋ ಸಲ ಮಾಡಿದವರಿಗೇ ಗೊತ್ತಿರಲ್ಲ. ಟೆಟ್ಜೆಲ್ಲನ ಕಾಲದಲ್ಲಿ ಮಾರಾಟ ಮಾಡೋದಕ್ಕೆ ಆಗಿದ್ದು ಇದನ್ನು ಪಕ್ಕಕ್ಕಿಟ್ಟಿದ್ದರಿಂದಲೇ ಅನ್ನಿಸಿತು.

ಮಾರನೆಯ ದಿನ ಅವ್ವನಿಗೆ ಒಂದೊಂದಾಗಿ ಹೇಳಿದೆ. ಮೂರರವರೆಗೂ ‘ಹೂಂ, ಹೂಂ’ ಅಂದಳು. ನಾಲ್ಕನೆಯದು ಹೇಳಿದ ಮೇಲೆ ಆ ಕಡೆ ಸದ್ದಿಲ್ಲ. ಫೋನು ಕಟ್ಟಾಯಿತೇನೋ ಅಂದುಕೊಂಡೆ.

‘ಅಂದ್ರೆ ನಿಮ್ ಚಿಕ್ಕಪ್ಪಂದೂ ಸೇರ್ತದಾ?’

ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ಮಾತು ಬಿಟ್ಟು ಹನ್ನೊಂದು ವರ್ಷ. ಕಾರಣ ಮೂರು ಗುಂಟೆ ಜಾಗ, ಅದರೊಳಗೊಂದು ಹಳೇ ಬಾವಿ. ಚಿಕ್ಕಪ್ಪ ಬದು ಒತ್ತಿದ್ದಾನೆ ಅಂತ ಅಪ್ಪ, ಬಾವಿ ಇಬ್ಬರಿಗೂ ಸೇರಿದ್ದು ಅಂತ ಚಿಕ್ಕಪ್ಪ. ಸರ್ವೆಯವರು ಬಂದು ಅಳೆದು ಹೋದರು, ಅಳತೆಯನ್ನು ಇಬ್ಬರೂ ಒಪ್ಪಲಿಲ್ಲ, ಕೋರ್ಟಿಗೆ ಹೋಯಿತು. ಅಪ್ಪ ಹೋದ ಮೇಲೆ ಕೇಸಿನಲ್ಲಿ ಅವರ ಜಾಗಕ್ಕೆ ಅವ್ವನ ಹೆಸರು, ನನ್ನ ಹೆಸರು ಬಂತು. ಇವತ್ತಿಗೂ ವಾಯಿದೆಯ ಮೇಲೆ ವಾಯಿದೆ. ಜಾಗದ ಬೆಲೆಗಿಂತ ವಕೀಲರ ಫೀಸು ಜಾಸ್ತಿಯಾಗಿದೆ ಅನ್ನೋದು ಎರಡೂ ಮನೆಯವರಿಗೆ ಗೊತ್ತಿರುವ ಗುಟ್ಟು.

ಅವ್ವನಿಗೆ ಆ ಮೂರು ಗುಂಟೆ ದೊಡ್ಡದಲ್ಲ. ಅಪ್ಪನ ಮಣ್ಣಿನ ದಿನ ಚಿಕ್ಕಪ್ಪ ಸ್ಮಶಾನದ ಗೇಟಿನವರೆಗೆ ಬಂದು ಹೊರಗೇ ನಿಂತುಬಿಟ್ಟರು. ‘ಒಡಹುಟ್ಟಿದೋನು ಒಂದು ಹಿಡಿ ಮಣ್ಣು ಹಾಕ್ಲಿಲ್ಲ’ ಅನ್ನೋದನ್ನ ಅವ್ವ ಆರು ವರ್ಷದಿಂದ ಹೇಳುತ್ತ ಬಂದಿದ್ದಾಳೆ. ಹೇಳುವಾಗಲೆಲ್ಲ ದನಿ ಹೊಸದಾಗಿಯೇ ಇರುತ್ತದೆ.

‘ಸೇರ್ತದೆ ಅನ್ಸುತ್ತೆ ಅವ್ವಾ’ ಅಂದೆ.

‘ಅದು ಆಗ್ಲಿಲ್ಲ ಅಂದ್ರೆ?’

‘ಪೂರ್ತಿ ಸಿಗಲ್ಲ. ಒಂದು ಭಾಗ ಸಿಗ್ತದೆ.’

‘ಎಷ್ಟು ಭಾಗ?’

ಇದಕ್ಕೆ ಉತ್ತರ ಇಲ್ಲ. ಮುಂಚೆ ಇತ್ತು. ಹಳೇ ಪ್ರಾರ್ಥನೆ ಪುಸ್ತಕಗಳಲ್ಲಿ ಒಂದೊಂದು ಪ್ರಾರ್ಥನೆಯ ಕೆಳಗೆ ಇಂತಿಷ್ಟು ದಿನ, ಇಂತಿಷ್ಟು ವರ್ಷ ಅಂತ ಅಚ್ಚು ಹಾಕುತ್ತಿದ್ದರು. ಉತ್ತರಿಸುವ ಸ್ಥಳದಲ್ಲಿ ಅಷ್ಟು ದಿನ ಕಡಿಮೆಯಾಗುತ್ತದೆ ಅಂತ ಜನ ತಿಳಿದುಕೊಂಡಿದ್ದರು. ಅದರ ನಿಜವಾದ ಅರ್ಥ, ಹಳೇ ಕಾಲದ ಕ್ರೈಸ್ತರು ಅಷ್ಟು ದಿನ ಮಾಡುತ್ತಿದ್ದ ಪ್ರಾಯಶ್ಚಿತ್ತಕ್ಕೆ ಸಮ ಅಂತ. 1967ರಲ್ಲಿ ಆರನೇ ಪೌಲ್ ಪೋಪರು ಈ ದಿನದ ಲೆಕ್ಕವನ್ನೇ ತೆಗೆದುಹಾಕಿದರು. ಈಗ ಇರೋದು ಎರಡೇ, ಪೂರ್ಣ ಇಲ್ಲವೇ ಭಾಗಶಃ. ‘ಎಷ್ಟು ಅಂತ ದೇವ್ರಿಗೇ ಗೊತ್ತವ್ವ’ ಅಂದೆ. ‘ಏನೋ ಒಂದು ಪಾಲು ತಲುಪಿದ್ರೂ ಆಯ್ತು ಬುಡು’ ಅಂದಳು.

ಊರಿನ ಧರ್ಮಕೇಂದ್ರದಿಂದ ಮೈಸೂರಿಗೆ ಒಂದು ಬಸ್ಸು ಹೊರಟಿತು. ಮಂಡಿನೋವಿದ್ದರೂ ಅವ್ವ ಹೋದಳು. ಸಂತ ಫಿಲೋಮಿನಾ ಪ್ರಧಾನಾಲಯ ನೀವೂ ನೋಡಿರುತ್ತೀರಿ, ಎರಡು ಎತ್ತರದ ಗೋಪುರದ್ದು. ಅದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ್ದು 1933ರಲ್ಲಿ. ಆ ವರ್ಷವೂ ವಿಶೇಷವಾಗಿ ಸಾರಿದ ಒಂದು ಪವಿತ್ರ ವರ್ಷವೇ. ಅವ್ವ ಅಲ್ಲಿ ಪವಿತ್ರ ದ್ವಾರ ಹುಡುಕಿದಳಂತೆ. 2016ರ ಹೊತ್ತಿನಲ್ಲಿ ಕರುಣೆಯ ವರ್ಷಕ್ಕೆ ಎಲ್ಲ ಧರ್ಮಪ್ರಾಂತ್ಯಗಳಲ್ಲೂ ಅಂಥ ಬಾಗಿಲು ಇತ್ತು. ಈ ಸಲ ರೋಮಿನಲ್ಲಿ ಮಾತ್ರ. ಅಲ್ಲಿನ ನಾಲ್ಕು ಮಹಾದೇವಾಲಯಗಳ ಬಾಗಿಲುಗಳಲ್ಲದೆ ರೆಬಿಬಿಯಾ ಅನ್ನೋ ಜೈಲಿನಲ್ಲೂ ಫ್ರಾನ್ಸಿಸ್ ಪೋಪರು ಒಂದನ್ನು ತೆರೆದಿದ್ದರು. ‘ಬಾಗ್ಲೇ ಇಲ್ದೆ ಏನು ಜುಬಿಲಿನೋ’ ಅಂತ ಗೊಣಗಿಕೊಂಡೇ ಪರಮಪ್ರಸಾದ ಸ್ವೀಕರಿಸಿ, ಅಪ್ಪನ ಹೆಸರು ಹೇಳಿ ಬಂದಳು.

ನಾನು ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ.

ಆಗಸ್ಟಿನಲ್ಲಿ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಎಡಭಾಗ ಸ್ವಾಧೀನ ತಪ್ಪಿತು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ, ಮನೆಯಲ್ಲಿ ಚಿಕ್ಕಮ್ಮ ಒಬ್ಬರೇ. ಅವ್ವನೇ ಫೋನಿನಲ್ಲಿ ಹೇಳಿದಳು. ಹೇಳಿ, ಸುಮ್ಮನಿದ್ದು, ಕೇಳಿದಳು. ‘ಕಾಯಿಲೆಯೋರನ್ನ ನೋಡಿದ್ರೂ ಆಯ್ತದೆ ಅಂದಿದ್ದಲ್ಲ? ಅದರಲ್ಲಿ ಇಂಥೋರನ್ನೇ ನೋಡ್ಬೇಕು ಅಂತ ಬರೆದದಾ, ಯಾರನ್ನಾದ್ರೂ ನೋಡ್ಬೋದಾ?’

ಯಾರನ್ನಾದರೂ ಅಂದೆ.

ಎರಡು ಮನೆಗೂ ನಡುವೆ ಇರೋದು ಒಂದು ಹುಣಸೆ ಮರ, ಒಂದು ಹಿತ್ತಿಲು. ಆ ಭಾನುವಾರ ಬಲಿಪೂಜೆ ಮುಗಿಸಿ ಅವ್ವ ರಾಗಿ ಅಂಬಲಿ ಮಾಡಿಕೊಂಡು ಹೋದಳು. ಏನು ಮಾತಾಡಿದಿರಿ ಅಂದರೆ, ‘ಏನೂ ಇಲ್ಲ’. ಚಿಕ್ಕಪ್ಪನಿಗೆ ಮಾತು ತೊದಲುತ್ತದೆ. ‘ಅತ್ಗೆ’ ಅಂತ ಒಂದು ಸಲ ಅಂದರಂತೆ, ಆಮೇಲೆ ಅಳು ಬಂತಂತೆ. ಲಕ್ವ ಹೊಡೆದವರಿಗೆ ಸುಮ್ಮಸುಮ್ಮನೆ ಅಳು ಬರೋದುಂಟು ಅಂತ ನಾನು ಓದಿದ್ದೆ. ಅದನ್ನು ಅವ್ವನಿಗೆ ಹೇಳಲಿಲ್ಲ.

ಮುಂದಿನ ವಾರವೂ ಹೋದಳು. ಅಕ್ಕಪಕ್ಕದವರು ಹುಬ್ಬು ಹಾರಿಸಿದಾಗ ಅವಳ ಹತ್ತಿರ ಉತ್ತರ ತಯಾರಿತ್ತು. ‘ನಾನೇನು ಅವರಿಗೋಸ್ಕರ ಹೋಗ್ತಿಲ್ಲ, ನಮ್ಮನೆಯೋರ ಆತ್ಮಕ್ಕೋಸ್ಕರ.’ ಆ ಮಾತು ಕೇಳಿದ ಮೇಲೆ ಪವಿತ್ರ ವರ್ಷ ಯಾತಕ್ಕೆ ಅನ್ನೋದು ನನಗೆ ಸ್ವಲ್ಪ ಹೊಳೆಯಿತು. ಹನ್ನೊಂದು ವರ್ಷ ಬಗ್ಗದವರು ತಾವಾಗಿಯೇ ಬಗ್ಗೋದು ಕಷ್ಟ, ಊರಿನಲ್ಲಿ ಮುಖ ಅಂತ ಒಂದಿರುತ್ತದೆ. ಬಗ್ಗೋದಕ್ಕೆ ಗೌರವವಾದ ಒಂದು ನೆಪ ಬೇಕು, ಆ ನೆಪಕ್ಕೆ ಒಂದು ಕೊನೆಯ ದಿನಾಂಕವೂ ಬೇಕು. ನಾಲ್ಕನೇ ಷರತ್ತನ್ನು ಅಳೆಯೋದಕ್ಕೆ ಚರ್ಚಿಗೂ ಆಗಲ್ಲ. ಅದರ ಹತ್ತಿರ ಹೋಗೋದಕ್ಕೆ ದಾರಿಯಲ್ಲಿ ನಾಲ್ಕು ಮೆಟ್ಟಿಲು ಇಟ್ಟುಕೊಡಬಹುದು, ಅಷ್ಟೇ.

ಆಮೇಲೆ ಬೈಬಲ್ಲಿನಲ್ಲಿ ಜುಬಿಲಿ ಅನ್ನೋದರ ಮೂಲ ಹುಡುಕಿದೆ. ಯಾಜಕಕಾಂಡದ 25ನೇ ಅಧ್ಯಾಯ. ಐವತ್ತನೇ ವರ್ಷ ಕೊಂಬು ಊದಿಸಬೇಕು, ಜೀತಕ್ಕಿದ್ದವರು ಮನೆಗೆ ಹೋಗಬೇಕು, ಕೈಬಿಟ್ಟುಹೋದ ಭೂಮಿ ಮೂಲ ಮನೆತನಕ್ಕೆ ವಾಪಸಾಗಬೇಕು. ರೋಮ್, ಬಾಗಿಲು, ಬಸಿಲಿಕಗಳೆಲ್ಲ ಆಮೇಲೆ ಬಂದದ್ದು. ಮೊದಲು ಇದ್ದದ್ದು ಹೊಲದ ಲೆಕ್ಕವೇ. ಅವ್ವನಿಗೆ ಓದಿ ಹೇಳಿದೆ. ‘ಯಾರಿಗೆ ವಾಪಸು ಹೋಗ್ಬೇಕು ಅಂತ ಬರೆದದೆ? ನಮ್ಗಾ, ಅವ್ರಿಗಾ?’ ಅಂದಳು. ಇಬ್ಬರ ಮೂಲ ಮನೆತನವೂ ಒಂದೇ ಆಗಿರುವಾಗ ಏನು ಹೇಳೋದು!

ಕೇಸು ಇನ್ನೂ ಇದೆ. ರಾಜಿ ಮಾಡಿಕೊಳ್ಳೋದಾದರೆ ನಾನೂ ಸಹಿ ಹಾಕಬೇಕು ಅಂತ ವಕೀಲರು ಹೇಳಿದ್ದಾರೆ. ನಾನು ಹಾಕುತ್ತೇನೆ ಅಂದಿದ್ದೇನೆ. ಚಿಕ್ಕಪ್ಪನ ಮಕ್ಕಳು ಬಾವಿಯ ವಿಷಯದಲ್ಲಿ ಇನ್ನೂ ಬಿಗಿ ಹಿಡಿದಿದ್ದಾರೆ. ಅವ್ವನಿಗೆ ಆ ಒಂದು ಹಿಡಿ ಮಣ್ಣಿನ ಸಿಟ್ಟು ಪೂರ್ತಿ ಹೋಗಿದೆ ಅಂತಲೂ ನಾನು ಹೇಳಲಾರೆ. ಮೊನ್ನೆ ಕೂಡ ಒಮ್ಮೆ ಎತ್ತಿದಳು, ದನಿ ಮಾತ್ರ ಮೊದಲಿನಷ್ಟು ಏರಿರಲಿಲ್ಲ.

ಜನವರಿಯಲ್ಲಿ ರೋಮಿನ ಬಾಗಿಲು ಮುಚ್ಚಿದ್ದನ್ನು ಮೊಬೈಲಿನಲ್ಲಿ ತೋರಿಸಿದೆ. ನೋಡಿ ಶಿಲುಬೆಯ ಗುರುತು ಹಾಕಿಕೊಂಡಳು. ಆ ಭಾನುವಾರ ಮತ್ತೆ ಅಂಬಲಿ ಪಾತ್ರೆ ಹಿಡಿದು ಹೊರಟಾಗ, ‘ಜುಬಿಲಿ ಮುಗೀತಲ್ಲವ್ವಾ, ಇನ್ನು ಲೆಕ್ಕಕ್ಕೆ ಬರಲ್ಲ’ ಅಂದೆ.

‘ಅವ್ರ ಎಡಗೈ ಇನ್ನೂ ಎತ್ತಕ್ಕಾಯ್ತಾ ಇಲ್ಲ ಕಣಪ್ಪಾ’ ಅಂದು ಚಪ್ಪಲಿ ಮೆಟ್ಟಿಕೊಂಡಳು.