ದೂತನಿಗೆ ಮಾತ್ರ ಎಲ್ಲ ಭಾಷೆ

ಕಾಸರಗೋಡಿನಲ್ಲಿ ತಿರುಗಾಟದ ಕೊನೆಯ ದಿನವಾದ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮತ್ತೆ ತಾಳಮದ್ದಳೆಯ ಕಾಲ. ಅದಕ್ಕೆ ರಂಗಸ್ಥಳ ಬೇಡ. ಭಜನಾ ಮಂದಿರ, ದೇವಸ್ಥಾನದ ಚಾವಡಿ, ಮನೆಯ ಜಗಲಿ ಯಾವುದಾದರೂ ಸಾಕು. ವೇಷವಿಲ್ಲ, ಕುಣಿತವಿಲ್ಲ. ಮಧ್ಯೆ ಭಾಗವತರು, ಬದಿಯಲ್ಲಿ ಚೆಂಡೆ ಮದ್ದಳೆಯವರು, ಎದುರುಬದುರಾಗಿ ಅರ್ಥಧಾರಿಗಳು, ಮುಂದೆ ಜಮಖಾನೆಯ ಮೇಲೆ ಊರಿನವರೇ ಒಂದಷ್ಟು ಜನ. ಭಾಗವತರು ಹಾಡಿದ ಪದ್ಯಕ್ಕೆ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನೆ. ಬಾಯಿಪಾಠದ ಸಂಭಾಷಣೆ ಎಂಬುದಿಲ್ಲ. ಹಾಗಾಗಿ ಇಲ್ಲಿನ ಹಾಸ್ಯ ಆ ರಾತ್ರಿಯದ್ದು, ಆ ಜನರೆದುರಿನದ್ದು.

ಮಾತಿಗೆ ಒಂದು ಕಟ್ಟುಪಾಡು ಉಂಟು. ದೇವೇಂದ್ರ, ಕೌರವ, ರಾವಣರ ಬಾಯಲ್ಲಿ ಗ್ರಂಥಸ್ಥ ಕನ್ನಡವೇ ಬರಬೇಕು. ಒಂದು ಇಂಗ್ಲಿಷ್ ಪದ ಜಾರಿದರೂ ಹಿಂದಿನ ಸಾಲಿನ ಹಿರಿಯರು ಹುಬ್ಬೇರಿಸುತ್ತಾರೆ. ರಿಯಾಯಿತಿ ಇರುವುದು ಹಾಸ್ಯದ ಪಾತ್ರಗಳಿಗೆ: ಬಾಗಿಲ ದೂತ, ಬ್ರಾಹ್ಮಣ, ಅಗಸ, ನಳನ ಕತೆಯ ಬಾಹುಕ. ವೇಷ ಕಟ್ಟಿ ಕುಣಿಯುವ ಆಟದಲ್ಲಾದರೆ ಹಾಸ್ಯಗಾರನಿಗೆ ವೇಷ, ನಡೆ, ಸೊಟ್ಟ ಮೋರೆ ಎಲ್ಲ ಒದಗುತ್ತವೆ. ತಾಳಮದ್ದಳೆಯ ಕೂಟದಲ್ಲಿ ನಾಲಗೆಯೊಂದೇ.

ಸಪ್ತಭಾಷೆಗಳ ನೆಲ ಎಂದು ಹೊಗಳಿಸಿಕೊಂಡ ಈ ಜಿಲ್ಲೆಯಲ್ಲಿ ಆ ನಾಲಗೆಗೆ ಮೇವು ಧಾರಾಳ. ಕೇಳುವವರ ಮನೆಮಾತು ತುಳುವೋ ಹವ್ಯಕ ಕನ್ನಡವೋ ಕರಾಡ ಮರಾಠಿಯೋ ಕೊಂಕಣಿಯೋ ಇರುತ್ತದೆ. ಓದಿದ್ದು ಕನ್ನಡ, ಬಸ್ಸಿನಲ್ಲಿ, ಕಚೇರಿಯಲ್ಲಿ ಮಲಯಾಳ. ರಾಕ್ಷಸರು ನಂದನವನಕ್ಕೆ ನುಗ್ಗಿದ ಸುದ್ದಿ ತರುವ ದೂತ ಓಡೋಡಿ ಬಂದವನಂತೆ ಏದುಸಿರು ಬಿಡುತ್ತ ಮೊದಲು ತುಳುವಿನಲ್ಲಿ ‘ಬತ್ತೆರ್, ಬತ್ತೆರ್’ ಎನ್ನುತ್ತಾನೆ. ಯಾರು ಬಂದರೆಂದು ದೇವೇಂದ್ರ ಕೇಳಿದರೆ ಮಲಯಾಳದಲ್ಲಿ ‘ಅರಿಯೂಲ’, ಗೊತ್ತಿಲ್ಲ. ಆಮೇಲೆ ಸಂವಾದ ಹೀಗೆ ಬೆಳೆಯಬಹುದು:

‘ಎಲೈ ದೂತನೇ, ಈ ವಿಳಂಬಕ್ಕೆ ಕಾರಣವೇನು?’

‘ದಾರಿಯಲ್ಲಿ ವಿಲ್ಲೇಜ್ ಆಫೀಸು ಸಿಕ್ಕಿತು, ಒಡೆಯಾ. ಫಾರಂ ಮಲಯಾಳದಲ್ಲಿತ್ತು. ತುಂಬಿಸಿ ಕೊಡುವವರನ್ನು ಹುಡುಕುವಾಗ ರಾಕ್ಷಸರು ನನ್ನನ್ನು ದಾಟಿ ಹೋದರು.’

‘ಅದು ಯಾವ ಲೋಕದ ಕಚೇರಿ?’

‘ಕಚೇರಿ ಅಲ್ಲೇ ಉಂಟು, ಒಡೆಯಾ. ಐವತ್ತಾರರಲ್ಲಿ ಲೋಕವೇ ಬದಲಾಯಿತಲ್ಲ.’

1956ರ ನವೆಂಬರ್ 1ರಂದು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇರಳಕ್ಕೆ ಸೇರಿದ್ದನ್ನು ಈ ಸಭೆಗೆ ಯಾರೂ ವಿವರಿಸಬೇಕಿಲ್ಲ. ಸ್ವಾರಸ್ಯ ಇರುವುದು ದೇವೇಂದ್ರನ ಪಾಡಿನಲ್ಲಿ. ಅವನು ನಗುವಂತಿಲ್ಲ, ‘ಆಫೀಸು’ ಎನ್ನುವಂತಿಲ್ಲ. ಸ್ವರ್ಗದ ಭಾಷೆಯಲ್ಲೇ ಉತ್ತರ ಹುಡುಕಬೇಕು. ಅವನು ಗಂಭೀರನಾದಷ್ಟೂ ದೂತನಿಗೆ ಲಾಭ. ಒಳ್ಳೆಯ ಹಾಸ್ಯದ ಅರ್ಧ ಕೀರ್ತಿ ನಗದೆ ಕೂತವನಿಗೆ ಸಲ್ಲಬೇಕು; ಸಿಗುವುದಿಲ್ಲ, ಅದು ಬೇರೆ. ಮಾತು ಹದ ಮೀರಿದರೆ, ಎದುರಿಗೆ ಕೂತವರ ಮನೆ ವಿಷಯಕ್ಕೆ ತಿರುಗಿದರೆ, ಭಾಗವತರು ಮುಂದಿನ ಪದ್ಯ ಎತ್ತುತ್ತಾರೆ. ಅದರ ಮೇಲೆ ಅಪೀಲಿಲ್ಲ.

ಈ ಭಾಷೆಯಾಟಕ್ಕೆ ಹತ್ತಿರದ ನಂಟು ಕೇರಳದಲ್ಲೇ ಉಂಟು. ಅಲ್ಲಿನ ಸಂಸ್ಕೃತ ನಾಟಕ ಕೂಡಿಯಾಟ್ಟದ ನಾಯಕ ಸಂಸ್ಕೃತದಲ್ಲಿ ಶ್ಲೋಕ ಹೇಳಿದರೆ ವಿದೂಷಕ ಅದನ್ನು ಮಲಯಾಳದಲ್ಲಿ ಬಿಡಿಸಿ, ಅದೇ ಧಾಟಿಯ ಅಣಕು ಶ್ಲೋಕ ಸೇರಿಸುತ್ತಾನೆ. ಭಾಷೆಯ ಗಡಿಯ ಎರಡೂ ಕಡೆಯ ಕೋಡಂಗಿಗಳು ಒಂದೇ ಗುಟ್ಟು ಬಲ್ಲವರು.

ತುಳು ಪ್ರಸಂಗಗಳಲ್ಲಿ ಎರಡು ಭಾಷೆ ಎದುರಾಗುವ ಈ ಅನುಕೂಲ ಕಡಿಮೆ. ರಾಜನೂ ತುಳು, ಆಳೂ ತುಳು. ಊರೂರಿನ ರಾಗ, ಜಾತಿಯ ಮಾತಿನ ಬಳುಕು, ಹೊತ್ತರಿತ ಚುರುಕು ಇವುಗಳಿಂದಲೇ ನಗಿಸಬೇಕು. ಹಾಸ್ಯಗಾರ ಮಿಜಾರು ಅಣ್ಣಪ್ಪನವರು ಆ ದಾರಿಯಲ್ಲೇ ಮನೆಮಾತಾದರು. ಕನ್ನಡ ಪ್ರಸಂಗಗಳ ಕಡೆ ಪೆರುವಡಿ ನಾರಾಯಣ ಭಟ್ಟರ ಪಾಪಣ್ಣನ ಪಾತ್ರವನ್ನು ಹಳಬರು ಇಂದಿಗೂ ಎತ್ತುತ್ತಾರೆ.

ಈಗ ತೊಂದರೆ ಬಂದಿರುವುದು ದೂತನ ಕಡೆಯಿಂದಲ್ಲ, ದೇವೇಂದ್ರನ ಕಡೆಯಿಂದ. ಮಲಯಾಳ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಕ್ಕಳಿಗೆ ‘ಅರಿಯೂಲ’ ಚೆನ್ನಾಗಿ ತಿಳಿಯುತ್ತದೆ, ‘ವಿಳಂಬ’ ತಿಳಿಯುವುದಿಲ್ಲ. ಎತ್ತರದ ಮಾತು ಕಿವಿಗೆ ಬೀಳದಿದ್ದರೆ ತಗ್ಗಿನ ಮಾತಿಗೆ ನಗು ಹುಟ್ಟದು. ಆಗ ದೂತ ದನಿ ಏರಿಸುತ್ತಾನೆ, ಮೈಕು ಅದನ್ನು ಇನ್ನಷ್ಟು ಕೆಡಿಸುತ್ತದೆ. ಕೂಟವನ್ನು ಮೂರು ಗಂಟೆಯೊಳಗೆ ಮುಗಿಸುವ ಅವಸರವೂ ಸೇರಿಕೊಂಡಿದೆ. ಹೊತ್ತು ಸಾಲದಾದಾಗ ಸಂಘಟಕರು ಮೊದಲು ಕೈಬಿಡುವುದು ದೂತನನ್ನೇ. ರಾಕ್ಷಸರು ಬಂದ ಸುದ್ದಿಯನ್ನು ಭಾಗವತರು ಒಂದು ಪದ್ಯದಲ್ಲಿ ಹೇಳಿ ಮುಗಿಸುತ್ತಾರೆ.