ಒಂದೇ ಬಾಟಲಿ

ಯಾವುದನ್ನೂ ಅತಿಯಾಗಿ ಮಾಡುವವಳಲ್ಲ ಎಂಬ ಹೆಮ್ಮೆ ನನಗೆ ಬಹಳ ಕಾಲದಿಂದ ಇದೆ. ಊಟ ಹಿತವಾಗಿ, ಮಾತು ಅಳೆದು, ಖರ್ಚು ಲೆಕ್ಕವಿಟ್ಟು. ಬ್ಯಾಂಕಿನ ಕೆಲಸದಿಂದ ಈ ಸ್ವಭಾವ ಬಂತೋ, ಈ ಸ್ವಭಾವ ಇದ್ದುದರಿಂದಲೇ ಬ್ಯಾಂಕು ಒಗ್ಗಿತೋ ಗೊತ್ತಿಲ್ಲ. ಈಗ ನನ್ನ ಮುಂದಿನ ಹಲ್ಲುಗಳ ತುದಿ ಬೆಳಕು ಹಾಯುವಷ್ಟು ತೆಳ್ಳಗಾಗಿದೆ. ತಣ್ಣೀರು ತಾಕಿದರೆ ದವಡೆಯವರೆಗೆ ಜುಮ್ಮೆನ್ನುತ್ತದೆ. ಇದಕ್ಕೂ ಆ ಹೆಮ್ಮೆಗೂ ನೇರ ನಂಟಿದೆ ಎಂಬುದನ್ನು ಒಪ್ಪಿಕೊಳ್ಳುವುದು ನನಗೆ ಹಲ್ಲುನೋವಿಗಿಂತ ಕಷ್ಟವಾಯಿತು.

ರಾಯಚೂರಿನಲ್ಲಿ ಮಾರ್ಚ್ ಬಂತೆಂದರೆ ಬ್ಯಾಂಕಿನವರಿಗೆ ಎರಡು ಬೇಗೆ: ವರ್ಷಾಂತ್ಯದ ಲೆಕ್ಕ ಒಂದು, ಬಿಸಿಲು ಇನ್ನೊಂದು. ಮಧ್ಯಾಹ್ನದ ಡಬ್ಬಿ ಮುಗಿದ ಮೇಲೆ ಒಂದು ಕೋಲಾ ತರಿಸಿ ಮೇಜಿನ ಖಾನೆಯಲ್ಲಿಟ್ಟುಕೊಳ್ಳುವುದು ನನ್ನ ರೂಢಿ. ಪಕ್ಕದ ಕೌಂಟರಿನವರು ಬಾಟಲಿ ಬಾಯಿಗಿಟ್ಟರೆ ಖಾಲಿಯಾದ ಮೇಲೆಯೇ ಕೆಳಗಿಡುತ್ತಿದ್ದರು. ನನ್ನ ಕಣ್ಣಿಗೆ ಅದು ಒರಟುತನ. ನಾನು ಮುಚ್ಚಳ ತಿರುಗಿಸಿ ಒಂದು ಗುಟುಕು ಹೀರುವುದು, ಮುಚ್ಚುವುದು, ನಾಲ್ಕು ವೋಚರ್ ನೋಡುವುದು, ಮತ್ತೊಂದು ಗುಟುಕು. ಅದನ್ನೂ ಕೂಡಲೇ ನುಂಗದೆ, ಗ್ಯಾಸಿನ ಚುರುಚುರು ಅಡಗುವವರೆಗೆ ಮುಂದಿನ ಹಲ್ಲುಗಳ ಹಿಂದೆ ಆಡಿಸುತ್ತಿದ್ದೆ. ಸಂಜೆ ಕ್ಯಾಶ್ ತಾಳೆಯಾಗುವ ಹೊತ್ತಿಗೂ ತಳದಲ್ಲಿ ಎರಡು ಬೆರಳಷ್ಟು ಉಳಿದಿರುತ್ತಿತ್ತು. ಆಗ ಅದರಲ್ಲಿ ಗ್ಯಾಸೂ ಇಲ್ಲ, ತಂಪೂ ಇಲ್ಲ. ಆದರೂ ಚೆಲ್ಲಲು ಮನಸ್ಸು ಬಾರದೆ ಮುಗಿಸುತ್ತಿದ್ದೆ. ದಿನಕ್ಕೆ ಒಂದೇ ಬಾಟಲಿ ತಾನೆ.

ದಂತವೈದ್ಯೆ ನನಗಿಂತ ಚಿಕ್ಕವರು. ಕನ್ನಡಿ ಹಿಡಿದು ಎಲ್ಲ ಹಲ್ಲೂ ನೋಡಿ, "ಹುಳುಕು ಒಂದೂ ಇಲ್ಲ ಮೇಡಂ" ಎಂದಾಗ ನಾನು ಪರೀಕ್ಷೆ ಪಾಸಾದ ಹುಡುಗಿಯ ಹಾಗೆ ಹಿಗ್ಗಿದೆ. "ಆದರೆ ಹಲ್ಲೇ ಸವೆದಿವೆ." ದವಡೆ ಹಲ್ಲುಗಳ ಏಣು ಇರಬೇಕಾದಲ್ಲಿ ಸಣ್ಣ ಸಣ್ಣ ಕುಳಿಗಳು. ಹಿಂದೆಂದೋ ತುಂಬಿಸಿದ್ದ ಫಿಲ್ಲಿಂಗ್ ಹಾಗೇ ಇದೆ, ಅದರ ಸುತ್ತಲಿನ ಹಲ್ಲು ತಗ್ಗಿ ಅದು ಎತ್ತರದಲ್ಲಿ ನಿಂತಿದೆ. ನಾನು ಒಳ್ಳೆಯ ಹೊಳಪು ಎಂದುಕೊಂಡದ್ದು ಮೇಲ್ಮೈಯ ಸೂಕ್ಷ್ಮ ಗೆರೆಗಳೆಲ್ಲ ಅಳಿಸಿಹೋದ ನುಣುಪಂತೆ. ಎದೆಯುರಿ, ಹುಳಿತೇಗು ಇದೆಯೇ ಎಂದು ಕೇಳಿದರು. ಹೊಟ್ಟೆಯ ಆಮ್ಲ ಮೇಲೇರಿದರೂ ಹಲ್ಲು ಹೀಗೇ ಸವೆಯುತ್ತದೆ. ಇಲ್ಲ ಎಂದೆ. ಹಾಗಾದರೆ ಕೆಲವು ದಿನ ತಿಂದದ್ದು ಕುಡಿದದ್ದನ್ನೆಲ್ಲ ಬರೆದು ತನ್ನಿ ಎಂದರು.

ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ವೇಳೆ, ಪದಾರ್ಥ, ಪ್ರಮಾಣ ಎಂದು ಗೆರೆ ಹಾಕಿ ಅಂದವಾಗಿ ತುಂಬಿದೆ. ಮಧ್ಯಾಹ್ನ 2.30, ಕೋಲಾ, 1. ಅವರು ಆ ಸಾಲಿನ ಮೇಲೆ ಪೆನ್ನಿಟ್ಟು, "ಶುರು ಮಾಡಿದ್ದು ಎರಡೂವರೆಗೆ. ಮುಗಿಸಿದ್ದು?" ಎಂದರು.

ಸುಳ್ಳು ಬರೆದಿರಲಿಲ್ಲ. ಆದರೆ ಸಾಲದ ಅಸಲನ್ನಷ್ಟೇ ಬರೆದು ಎಷ್ಟು ದಿನಕ್ಕೆ ಕೊಟ್ಟದ್ದು ಎಂಬುದನ್ನು ಬಿಟ್ಟ ಖಾತೆಯನ್ನು ಯಾರಾದರೂ ನನ್ನ ಮುಂದಿಟ್ಟಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ. ಬಡ್ಡಿ ಬೆಳೆಯುವುದು ಅವಧಿಯ ಮೇಲೆ.

ಆಮೇಲೆ ನಾನೇ ಕೂತು ಓದಿದೆ. ಎನಾಮಲ್ ನಮ್ಮ ದೇಹದಲ್ಲೇ ಅತಿ ಗಟ್ಟಿ ಪದಾರ್ಥ, ತೂಕದಲ್ಲಿ ಶೇ. 96ರಷ್ಟು ಖನಿಜ, ಬಹುಪಾಲು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿ ಆದ ಹರಳುಗಳು. ಮುರಿದ ಮೂಳೆ ಕೂಡುತ್ತದೆ, ಕೊಯ್ದ ಚರ್ಮ ಮಾಯುತ್ತದೆ. ಎನಾಮಲ್ಲಿಗೆ ಆ ಭಾಗ್ಯವಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಒಸಡು ಸೀಳಿ ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಈ ಹರಳುಗಳು ಕರಗತೊಡಗುತ್ತವೆ. ಕೋಲಾದ ಪಿಎಚ್ 2.5ರ ಆಸುಪಾಸು. ಒಂದೊಂದು ಅಂಕಿ ಇಳಿದಾಗಲೂ ಆಮ್ಲೀಯತೆ ಹತ್ತು ಪಟ್ಟು ಏರುತ್ತದೆ, ಆದ್ದರಿಂದ ಇಲ್ಲಿ ಮೂರು ಅಂಕಿಯೆಂದರೆ ಸಾವಿರ ಪಟ್ಟು.

ಇದಕ್ಕೆ ತಡೆಯಾಗಿ ಬಾಯಿಯಲ್ಲಿ ಜೊಲ್ಲಿದೆ. ಅದು ಆಮ್ಲವನ್ನು ತೊಳೆಯುತ್ತದೆ, ಅದರಲ್ಲಿರುವ ಬೈಕಾರ್ಬೊನೇಟ್ ಆಮ್ಲವನ್ನು ಶಮನ ಮಾಡುತ್ತದೆ, ಮೆದುವಾದ ಮೇಲ್ಪದರಕ್ಕೆ ಒಂದಿಷ್ಟು ಕ್ಯಾಲ್ಸಿಯಂ ಮರಳಿಸುತ್ತದೆ. ಒಂದು ಗುಟುಕಿನ ನಂತರ ಹೀಗೆ ಚೇತರಿಸಿಕೊಳ್ಳಲು ಅದಕ್ಕೆ ಬೇಕಾದದ್ದು ಕೆಲವು ನಿಮಿಷಗಳ ಬಿಡುವು. ನಾಲ್ಕು ವೋಚರ್‌ಗೊಂದು ಗುಟುಕು ಹೀರುತ್ತಿದ್ದ ನಾನು ಸರಿಯಾಗಿ ಆ ಬಿಡುವನ್ನೇ ಕೊಟ್ಟಿರಲಿಲ್ಲ. ಒರಟರೆಂದು ನಾನು ಮನಸ್ಸಿನಲ್ಲೇ ಮೂಗು ಮುರಿಯುತ್ತಿದ್ದ ಪಕ್ಕದ ಕೌಂಟರಿನವರ ಹಲ್ಲು ಅದೇ ಬಾಟಲಿಯನ್ನು ಎರಡು ನಿಮಿಷದಲ್ಲಿ ದಾಟಿ ಹೋಗುತ್ತಿತ್ತು.

ಕಾರ್ನೆಲ್ ವಿಶ್ವವಿದ್ಯಾಲಯದ ಪೋಷಣಾ ವಿಜ್ಞಾನಿ ಕ್ಲೈವ್ ಮೆಕೇ 1950ರಲ್ಲಿ ಅಮೆರಿಕದ ಕಾಂಗ್ರೆಸ್ಸಿನ ಸಮಿತಿಯೊಂದರ ಮುಂದೆ, ಕೋಲಾದಲ್ಲಿ ಮುಳುಗಿಸಿಟ್ಟ ಮನುಷ್ಯರ ಹಲ್ಲು ಎರಡು ದಿನದಲ್ಲಿ ಮೆತ್ತಗಾಗಿ ಕರಗತೊಡಗಿತೆಂದು ಸಾಕ್ಷ್ಯ ನುಡಿದಿದ್ದರು. ಅಂದಿನಿಂದ ಲೋಟದಲ್ಲಿ ಕರಗುವ ಹಲ್ಲು, ಮೊಳೆ, ನಾಣ್ಯಗಳ ಕಥೆ ಊರೂರು ಸುತ್ತಿವೆ. ಯಾರಾದರೂ ಹೇಳಿದಾಗ ನಾನು ಜಾಣತನದಿಂದ ಉತ್ತರಿಸುತ್ತಿದ್ದೆ: ಬಾಯಿ ಲೋಟವಲ್ಲ, ಅಲ್ಲಿ ಜೊಲ್ಲಿದೆ, ಪಾನೀಯ ಅಲ್ಲಿ ನಿಲ್ಲುವುದಿಲ್ಲ. ಮಾತು ಸರಿಯೇ. ಬಾಯಿಯನ್ನು ಲೋಟ ಮಾಡಿಕೊಂಡವಳು ಮಾತ್ರ ನಾನು.

ಒಮ್ಮೆ ಹೀಗೆ ತನ್ನನ್ನೇ ತಪಾಸಣೆಗೆ ಹಚ್ಚಿಕೊಂಡರೆ ಉಳಿದ ಸದ್ಗುಣಗಳೂ ಒಂದೊಂದಾಗಿ ಸಿಕ್ಕಿಬೀಳುತ್ತವೆ. ಮಧ್ಯೆ ಕೆಲಕಾಲ ಸಕ್ಕರೆಯಿಲ್ಲದ ಕೋಲಾಗೆ ಬದಲಾಯಿಸಿ ಎಲ್ಲರೆದುರು ಹೇಳಿಕೊಂಡಿದ್ದೆ. ಹುಳುಕಿಗೆ ಬೇಕಾದದ್ದು ಸಕ್ಕರೆ ಮತ್ತು ಅದನ್ನು ತಿಂದು ಆಮ್ಲ ಮಾಡುವ ಬ್ಯಾಕ್ಟೀರಿಯಾ. ಸವೆತಕ್ಕೆ ಆ ಮಧ್ಯವರ್ತಿಯ ಅಗತ್ಯವೇ ಇಲ್ಲ. ಬಾಟಲಿಯಲ್ಲಿರುವ ಫಾಸ್ಫಾರಿಕ್ ಆಮ್ಲ, ಸಿಟ್ರಿಕ್ ಆಮ್ಲ ನೇರವಾಗಿ ಹಲ್ಲನ್ನು ಮುಟ್ಟುತ್ತವೆ. ಸಕ್ಕರೆ ತೆಗೆದರೂ ಅವು ಉಳಿಯುತ್ತವೆ. ಬೆಳಿಗ್ಗೆ ಬಿಸಿನೀರಿಗೆ ಲಿಂಬೆ ಹಿಂಡಿ ಕುಡಿಯುತ್ತಿದ್ದುದು ಆರೋಗ್ಯಕ್ಕೆಂದು. ಅದನ್ನೂ ನಿಧಾನವಾಗಿಯೇ, ಕಾಫಿಯ ಹಾಗೆ. ಲಿಂಬೆರಸ ಹುಳಿಯಲ್ಲಿ ಕೋಲಾಗೆ ಕಡಿಮೆಯಿಲ್ಲ, ಬಿಸಿಯಾದರೆ ಆಮ್ಲದ ಕೆಲಸ ಇನ್ನೂ ಚುರುಕು.

ಎಲ್ಲಕ್ಕಿಂತ ನಾಚಿಕೆ ತರುವುದು ಬ್ರಶ್ಶಿನ ಸಂಗತಿ. ಸಂಜೆ ಮನೆಗೆ ಬಂದವಳೇ, ಬಾಯಿಯ ಅಂಟು ಹೋಗಲೆಂದು, ಗಡುಸು ಬ್ರಶ್ಶಿಗೆ ಇದ್ದಿಲು ಬೆರೆತ ಹಲ್ಲುಪುಡಿ ಹಾಕಿ ಉಜ್ಜುತ್ತಿದ್ದೆ. ಕೊನೆಯ ಗುಟುಕು ಕುಡಿದು ಬಹಳ ಹೊತ್ತಾಗಿರುತ್ತಿರಲಿಲ್ಲ. ಆಮ್ಲ ತಾಗಿ ಮೆದುವಾದ ಮೇಲ್ಪದರವನ್ನು ಉಜ್ಜಿ ಕೀಳುವುದಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಬೇರೆ ಇಲ್ಲ. ಹಲ್ಲು ಹಳದಿಯಾಗುತ್ತ ಬಂದಾಗ ಇನ್ನೂ ಜೋರಾಗಿ ಉಜ್ಜಿದೆ. ಆ ಹಳದಿ ಕೊಳೆಯಾಗಿರಲಿಲ್ಲ, ಎನಾಮಲ್ ತೆಳುವಾಗಿ ಅದರಡಿಯ ಡೆಂಟಿನ್ ಕಾಣಿಸುತ್ತಿತ್ತು.

ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಬೆವರು ಹರಿದು ದೇಹ ಒಣಗಿದಾಗ ಜೊಲ್ಲೂ ಕಡಿಮೆಯಾಗುತ್ತದೆ. ಗಂಟಲು ಅಂಟಿದಾಗಲೇ ನಮಗೆ ಕೋಲಾದ ಆಸೆ ಹುಟ್ಟುತ್ತದೆ. ಕಾವಲಿಲ್ಲದ ಹೊತ್ತು ನೋಡಿಯೇ ಬಾಗಿಲು ತೆಗೆದ ಹಾಗಾಯಿತು. ನಮ್ಮವ್ವ ಜೀವಮಾನವಿಡೀ ಇದೇ ಬಿಸಿಲಿನಲ್ಲಿ ಮಜ್ಜಿಗೆ ಕುಡಿದವಳು. "ಅದೂ ಹುಳಿನೇ ಅಲ್ಲೇನವ್ವಾ" ಎಂದು ನಾನು ವಾದಿಸಿದ್ದುಂಟು. ಹುಳಿ ಹೌದು, ಮಜ್ಜಿಗೆಯ ಪಿಎಚ್ ಕೂಡ 5.5ಕ್ಕಿಂತ ಕೆಳಗೇ ಇದೆ. ಆದರೆ ಅದರಲ್ಲಿ ಮೊದಲೇ ಕ್ಯಾಲ್ಸಿಯಂ, ಫಾಸ್ಫೇಟ್ ತುಂಬಿರುವುದರಿಂದ ಹಲ್ಲಿನಿಂದ ಮತ್ತೆ ಸೆಳೆದುಕೊಳ್ಳುವ ಹಸಿವು ಅದಕ್ಕಿರುವುದಿಲ್ಲ. ಅವ್ವನಿಗೆ ಇದನ್ನು ವಿವರಿಸಿದೆ. ವಿವರಣೆ ಬೇಕಾದವಳು ನಾನೇ ಎಂಬಂತೆ ನೋಡಿದಳು.

ಅಷ್ಟೊಂದು ಹೊತ್ತು ಯಾಕೆ ಹೀರುತ್ತಿದ್ದೆ? ರುಚಿಗೆ ಎನ್ನುವಂತಿಲ್ಲ; ಕೊನೆಯ ಅರ್ಧ ಬಾಟಲಿಗೆ ರುಚಿಯೇ ಇರುತ್ತಿರಲಿಲ್ಲ. ಗ್ರಾಹಕರ ಸಾಲು, ಮ್ಯಾನೇಜರರ ಕರೆ, ಮನೆಯಿಂದ ಫೋನು, ಇವೆಲ್ಲದರ ನಡುವೆ ಖಾನೆ ಎಳೆದು ಮುಚ್ಚಳ ತಿರುಗಿಸುವ ಅರೆಕ್ಷಣ ಮಾತ್ರ ಯಾರಿಗೂ ಜವಾಬು ಕೊಡಬೇಕಿಲ್ಲದ್ದು. ಬಾಟಲಿ ಬೇಗ ಮುಗಿದರೆ ಆ ನೆಪವೂ ಮುಗಿಯುತ್ತದೆ. ಆದ್ದರಿಂದ ಮುಗಿಸುತ್ತಿರಲಿಲ್ಲ. ಇದನ್ನು ಸಂಯಮವೆಂದು ಕರೆದುಕೊಂಡು ಬಂದೆ, ಅದಕ್ಕೇ ಯಾವತ್ತೂ ಪ್ರಶ್ನಿಸಿಕೊಳ್ಳಲಿಲ್ಲ. ದುರಭ್ಯಾಸವೆಂದು ಗೊತ್ತಿದ್ದರೆ ಒಮ್ಮೆಯಾದರೂ ಅಳುಕುತ್ತಿದ್ದೆ.

ಈಗ ಖಾನೆಯಲ್ಲಿ ನೀರಿನ ಬಾಟಲಿ ಇದೆ. ಗುಟುಕು ಗುಟುಕಾಗಿ ಹೀರಲು ಅದಕ್ಕಿಂತ ನಿರುಪದ್ರವಿ ಬೇರೊಂದಿಲ್ಲ, ನೆಪಕ್ಕೂ ಅದು ಸಾಕಾಗುತ್ತದೆ. ಕೋಲಾ ಪೂರ್ತಿ ಬಿಟ್ಟೆನೆಂದರೆ ಸುಳ್ಳು. ಕುಡಿದರೆ ಊಟದ ಜೊತೆಗೇ, ಜೊಲ್ಲು ಚೆನ್ನಾಗಿ ಹರಿಯುವ ಹೊತ್ತಿನಲ್ಲಿ, ತಣ್ಣಗಿರುವಾಗಲೇ, ಒಂದೇ ಸಲಕ್ಕೆ. ಸ್ಟ್ರಾ ಇದ್ದರೆ ಅದರ ತುದಿ ನಾಲಿಗೆಯ ಹಿಂಭಾಗಕ್ಕೆ ಬರಬೇಕು. ತುಟಿಯ ಒಳಗಷ್ಟೇ ಇಟ್ಟು ಮುಂದಿನ ಹಲ್ಲಿಗೆ ಚಿಮ್ಮಿಸಿಕೊಂಡರೆ ಪ್ರಯೋಜನವಿಲ್ಲ. ಮುಗಿದ ಮೇಲೆ ಬರೀ ನೀರಿನಿಂದ ಬಾಯಿ ಮುಕ್ಕಳಿಸುತ್ತೇನೆ. ಬ್ರಶ್ಶಿಗೆ ಅರ್ಧ ಗಂಟೆಯಾದರೂ ಕಾಯಬೇಕೆಂಬ ಮಾತು ಎಲ್ಲೆಡೆ ಇದೆ. ಅಷ್ಟು ಕಾದರೂ ಮೆದುವಾದದ್ದು ಪೂರ್ತಿ ಗಟ್ಟಿಯಾಗುವುದಿಲ್ಲ ಎನ್ನುವ ಸಂಶೋಧಕರೂ ಇದ್ದಾರೆ. ಹಾಗಾಗಿ ಸಂಜೆಯ ಉಜ್ಜಾಟವನ್ನೇ ನಿಲ್ಲಿಸಿ, ಬೆಳಿಗ್ಗೆ ತಿಂಡಿಗೆ ಮೊದಲು ಮತ್ತು ರಾತ್ರಿ ಮಲಗುವ ಮುನ್ನ ಮೆದು ಬ್ರಶ್ಶು, ಫ್ಲೋರೈಡ್ ಇರುವ ಪೇಸ್ಟು. ಉಗುಳಿದ ಮೇಲೆ ನೀರು ಹಾಕಿ ತೊಳೆಯುವುದಿಲ್ಲ. ಫ್ಲೋರೈಡ್ ಹಲ್ಲಿನ ಮೇಲೆ ಉಳಿಯಲಿ ಎಂದು. ಇದ್ದಿಲಿನ ಪುಡಿ ಈಗ ಬೆಳ್ಳಿ ದೀಪ ಉಜ್ಜಲು ಹೋಗಿದೆ.

ಮಗಳು ಪಿಯುಸಿ. ರಾತ್ರಿ ಓದುವಾಗ ಅವಳ ಪಕ್ಕ ಒಂದು ಬಾಟಲಿ, ಮುಚ್ಚಳ ತೆಗೆದೇ ಇರುತ್ತದೆ. ರಾತ್ರಿ ಹೊತ್ತು ಏರಿದಂತೆ ಜೊಲ್ಲು ಇಳಿಯುತ್ತದೆ, ನಿದ್ದೆಯಲ್ಲಿ ಬಹುತೇಕ ನಿಂತೇಬಿಡುತ್ತದೆ. "ಕುಡಿಯೋದಿದ್ರ ಊಟದಾಗ ಕುಡಿದು ಮುಗಿಸು" ಎಂದೆ. "ಹಂಗಾರ ಎರಡು ಬಾಟಲಿ ಒಮ್ಮೆಲೆ ಕುಡಿದ್ರ ನಡೀತದೇನು?" ಎಂದಳು. ಸಕ್ಕರೆಯ ಲೆಕ್ಕ ಬೇರೆ ಇದೆ ಎಂದು ಹೇಳತೊಡಗಿದೆ. ಅವಳು ಇಯರ್‌ಫೋನ್ ಹಾಕಿಕೊಂಡಳು. ಅವಳ ವಯಸ್ಸಿನಲ್ಲಿ ನನಗೆ ಯಾರಾದರೂ ಹೇಳಿದ್ದರೂ, ಕುಡಿಯುವುದು ಒಂದೇ ಬಾಟಲಿ ಎಂದು ನಾನೂ ಬಾಯಿ ಮುಚ್ಚಿಸುತ್ತಿದ್ದೆ.

ವೈದ್ಯೆ ನನ್ನ ಮುಂದಿನ ಹಲ್ಲುಗಳ ತುದಿಗೆ ಹಲ್ಲಿನದೇ ಬಣ್ಣದ ಲೇಪ ಕೊಟ್ಟಿದ್ದಾರೆ. ಎಲ್ಲ ಹಲ್ಲುಗಳ ಅಚ್ಚು ತೆಗೆದು ಪ್ಲಾಸ್ಟರಿನ ಮಾದರಿ ಮಾಡಿ, ಹೆಸರು ಮತ್ತು ದಿನಾಂಕ ಬರೆದು ಇಟ್ಟುಕೊಂಡಿದ್ದಾರೆ. ಮುಂದಿನ ವರ್ಷ ಇನ್ನೊಂದು ಅಚ್ಚು ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರಂತೆ. ಈ ಸಲ ಏನನ್ನೂ ಬರೆದು ತರಲು ಹೇಳಿಲ್ಲ.